ಮೊದ್ಲು ಬ್ಯಾಟ್ರಿ ಕೀಳ್ಲಾ

ನಮ್ಮ ತೋಟದ ಪಂಪ್‌ಸೆಟ್ ರಿಪೇರಿಗೆ ಬರುತ್ತಿದ್ದ ಮಾಯಸಂದ್ರದ ಮೆಕ್ಯಾನಿಕ್‌ಗೆ ಯುದ್ಧದ ಸಿನಿಮಾಗಳ ಹುಚ್ಚು. ಪರದೆಯ ಮೇಲೆ ಸೈನಿಕನೊಬ್ಬ ಜೇಬಿನಿಂದ ಹೆಂಡತಿಯ ಫೋಟೊ ತೆಗೆದರೆ ಸಾಕು, "ಇವ್ನು ಹೋದ ಕಣಪ್ಪ. ಇದೂ ಕದ್ದಿರೋ ಕತೆನೇ" ಎನ್ನುತ್ತಿದ್ದರು.

ಒಮ್ಮೆ ಅವರ ಜೊತೆ ನಾನೂ ತಿಪಟೂರಿನ ಟಾಕೀಸಿಗೆ ಹೋಗಿದ್ದೆ. "ಇವತ್ ಬಾಯ್ಬುಟ್ರೆ ನಾನ್ ಎದ್ದು ಊರಿಗ್ ಹೋಯ್ತೀನಿ ಕಣ್ರೀ" ಎಂದು ಅವರ ಹೆಂಡತಿ ಮೊದಲೇ ಎಚ್ಚರಿಸಿದ್ದರು. ಪಾಪ, ಮೂವರು ಸೈನಿಕರು ಫೋಟೊ ತೆಗೆದರೂ ಇವರು ಟವೆಲ್ ಕಚ್ಚಿಕೊಂಡು ಕೂತರು. ಕೊನೆಗೆ ಬಾಂಬಿನ ಮುಂದೆ ಕೂತ ನಾಯಕ, ಕೆಂಪು ವೈರು ಕತ್ತರಿಸಲೋ ನೀಲಿಯದೋ ಎಂದು ಬೆವರತೊಡಗಿದ. ಇವರಿಗೆ ತಡೆಯಲಾಗಲಿಲ್ಲ.

"ಲೇ, ಮೊದ್ಲು ಬ್ಯಾಟ್ರಿ ಕೀಳ್ಲಾ!" ಎಂದು ಎದ್ದುನಿಂತು ಕೂಗಿಬಿಟ್ಟರು.

ಟಾಕೀಸೆಲ್ಲ ನಕ್ಕಿತು. ಹೆಂಡತಿಯೂ ಎದ್ದರು. ಊರಿಗೇ ಹೊರಟರೆಂದುಕೊಂಡೆ. ಅವರು ಪರದೆಗೆ ಕೈ ತೋರಿಸಿ, "ಇಪ್ಪತ್ ವರ್ಸದಿಂದ ಮೋಟ್ರು ಬಿಚ್ತಾವ್ರೆ ನಮ್ಮನೇರು, ಹೇಳಿದ್ ಕೇಳಪ್ಪ!" ಎಂದರು.