ಒರ್ಕಾಯ್ದೊ ಬಿಟ್ಟ ಕಂಡಿ

ಒರ್ಕಾಯ್ದೊಗೆ ಹೊಲವಿಲ್ಲ. ಇಥಿಯೋಪಿಯದ ನಮ್ಮ ಕೊನ್ಸೊ ಸೀಮೆಯಲ್ಲಿ ಅಪ್ಪನ ಹೊಲ ಹಿರಿಮಗನಿಗೆ ಹೋಗುತ್ತದೆ, ಇವನು ಮೂರನೆಯವನು. ಮೂವತ್ತೊಂದು ವರ್ಷಗಳಿಂದ ಬೇರೆಯವರ ಹೊಲದ ಮಣ್ಣು ಜಾರದಂತೆ ಕಲ್ಲುಗೋಡೆ ಕಟ್ಟುತ್ತಿದ್ದಾನೆ.

ಬೆಳಕು ಹರಿಯುವಾಗಲೇ ಅವನು ಗುಡ್ಡದ ಇಳಿಜಾರಿನಲ್ಲಿದ್ದಾನೆ. ಎದುರಿಗೆ ಮೊನ್ನೆಯ ದೊಡ್ಡ ಮಳೆಗೆ ಕುಸಿದ ಗೋಡೆ. ಹೊಲ ಹಿರಿಯಣ್ಣ ಕುಸ್ಸಿಯನದು, ಗೋಡೆ ಒರ್ಕಾಯ್ದೊ ಹೋದ ವರ್ಷ ಕಟ್ಟಿದ್ದು. ಅವನು ಕಟ್ಟಿದ್ದು ಬಿದ್ದಿರುವುದು ಇದೇ ಮೊದಲು. ಎರಡು ದಿನಗಳಿಂದ ಅವನನ್ನು ಯಾರೂ ಕೆಲಸಕ್ಕೆ ಕರೆದಿಲ್ಲ.

ಎತ್ತುವ ಮುನ್ನ ಪ್ರತಿ ಕಲ್ಲನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಡುತ್ತಾನೆ. ಏಕೆಂದು ಕೇಳುತ್ತೇನೆ.

"ಬಿರುಕಿದ್ರೆ ಸದ್ದು ಸತ್ತಿರುತ್ತೆ. ಅಂಥದ್ದು ಒಳಗಡೆಗೆ ಹಾಕ್ಬೇಕು. ಮನುಷ್ಯರನ್ನ ಹೀಗೆ ತಟ್ಟಿ ನೋಡೋಕಾಗಲ್ಲ, ಅದೇ ತೊಂದರೆ."

ದಿನಕ್ಕೆ ಆರು ಮೊಳ ಉದ್ದ, ಎದೆಯೆತ್ತರ. ಗಾರೆಯಿಲ್ಲ; ಕಲ್ಲಿಗೆ ಕಲ್ಲೇ ಆಸರೆ. ಹೆಚ್ಚುಕಡಿಮೆ ಮುನ್ನೂರು ಕಲ್ಲು ಎತ್ತುತ್ತಾನೆ. ಮಧ್ಯಾಹ್ನ ನುಗ್ಗೆಸೊಪ್ಪಿನ ಜೊತೆ ಜೋಳದ ಉಂಡೆ, ಸೋರೆಬುರುಡೆಯಲ್ಲಿ ಜೋಳ ಹುದುಗಿಸಿದ ಕಳ್ಳು. ಎಡಗೈಯ ಎರಡು ಉಗುರುಗಳು ಜಜ್ಜಿಹೋದ ಮೇಲೆ ಮತ್ತೆ ಬೆಳೆದಿಲ್ಲ.

ಪ್ರತಿ ಗೋಡೆಯಲ್ಲೂ ಒಂದು ಕಂಡಿ ಬಿಡುತ್ತಾನೆ. ಹೆಚ್ಚಾದ ನೀರು ಅದರಿಂದ ಕೆಳಗಿನ ಹೊಲಕ್ಕೆ ಇಳಿಯಬೇಕು. ಮಳೆ ಕೈಕೊಟ್ಟಾಗ ಕೆಲವರು ಅದನ್ನು ಮುಚ್ಚಿ, ಬಂದ ನೀರನ್ನೆಲ್ಲ ತಮ್ಮ ಹೊಲದಲ್ಲೇ ಹಿಡಿಯುತ್ತಾರೆ. ಮೋಡ ಕಟ್ಟಿದರೆ ತೆರೆಯಲೇಬೇಕು. ಇಲ್ಲದಿದ್ದರೆ ಗೋಡೆ ಉಬ್ಬಿ ಒಡೆಯುತ್ತದೆ.

ಕೆಳಗಿನ ಹೊಲದ ಕಾಬಿತೆ ಬುಟ್ಟಿ ಹಿಡಿದು ಹತ್ತಿ ಬರುತ್ತಾಳೆ.

"ಏನಪ್ಪಾ ಕಲ್ಲಿನ ಪಂಡಿತ, ನಿನ್ನ ಗೋಡೆ ನನ್ನ ಜೋಳದ ಮೇಲೆ ಮಲಗಿದೆ. ಎಬ್ಬಿಸ್ಕೊಂಡು ಹೋಗ್ತೀಯೋ, ಚಾಪೆ ಹಾಸಿಕೊಡ್ಲೋ?"

"ಎಬ್ಬಿಸ್ತೀನಿ ಅಕ್ಕ. ಯಾಕೆ ಬಿತ್ತು ಅಂತ ಮೊದಲು ನೋಡ್ಬೇಕು."

ಕಂಡಿಯಿರುವ ತುದಿ ಇನ್ನೂ ನಿಂತಿದೆ. ಒರ್ಕಾಯ್ದೊ ಮಂಡಿಯೂರಿ ಅದರೊಳಗೆ ಭುಜದವರೆಗೂ ಕೈ ಹಾಕುತ್ತಾನೆ. ಹೊರಗೆ ಬರುವುದು ಒದ್ದೆ ಮಣ್ಣು ಮೆತ್ತಿದ ಜೋಳದ ದಂಟಿನ ಕಟ್ಟು. ಅಷ್ಟರಲ್ಲಿ ಕುಸ್ಸಿಯ ಮೇಲಿನ ಹೊಲದ ಅಂಚಿಗೆ ಬಂದು ನಿಂತಿದ್ದಾನೆ.

"ನೀರಲ್ಲಿ ತೇಲಿಬಂದು ಸಿಕ್ಕಿಕೊಂಡಿರುತ್ತೆ," ಎನ್ನುತ್ತಾನೆ.

"ನಾರು ಕೂಡ ನೀರೇ ಕಟ್ತಾ ಅಣ್ಣ? ಎರಡು ಗಂಟು ಹಾಕಿದೆ ನೋಡು."

ಕಾಬಿತೆ ಜೋರಾಗಿ ನಗುತ್ತಾಳೆ. ಕುಸ್ಸಿಯ ಅಲ್ಲೇ ಕೂರುತ್ತಾನೆ.

"ನಾನೇ ತುಂಬಿದ್ದು. ಮೋಡ ಕಂಡಾಗ ತೆಗೆಯೋಣ ಅಂದ್ಕೊಂಡಿದ್ದೆ. ಅವತ್ತು ಸಂತೆಗೆ ಹೋಗಿದ್ದೆ."

"ಈ ಎರಡು ದಿನ ಎಲ್ಲಿಗೆ ಹೋಗಿದ್ದೆ? ಊರೋರು ನಿನ್ನ ತಮ್ಮನ್ನ ಬೈತಿದ್ದಾಗ ಬಾಯಿಗೂ ದಂಟು ತುಂಬಿತ್ತಾ?" ಎನ್ನುತ್ತಾಳೆ ಕಾಬಿತೆ. "ಸಂಜೆ ಹಿರಿಯರ ಮುಂದೆ ಇದನ್ನೇ ಹೇಳು."

"ಹೇಳ್ತೀನಿ."

ಒರ್ಕಾಯ್ದೊ ಅಡಿಗಲ್ಲು ಕೂರಿಸುತ್ತಿದ್ದಾನೆ. ನಿನಗೇನು ಬೇಕು ಎಂದು ನಾನು ಕೇಳಿದರೆ ತಲೆ ಎತ್ತುವುದಿಲ್ಲ.

"ನನ್ನ ಗೋಡೆ ಬಿತ್ತು ಅನ್ನೋದು ನಿಂತ್ರೆ ಸಾಕು. ಹೊಲ ಗಿಲ ಬೇಡ, ಉಳೋಕೆ ಬರಲ್ಲ ನಂಗೆ."

ಕುಸ್ಸಿಯ ಕೆಳಗಿಳಿದು ಕಲ್ಲು ಎತ್ತಿಕೊಡಲು ಶುರುಮಾಡುತ್ತಾನೆ. ಒರ್ಕಾಯ್ದೊ ಅವನ್ನೂ ತಟ್ಟಿ ನೋಡಿಯೇ ತೆಗೆದುಕೊಳ್ಳುತ್ತಾನೆ.

ಆ ಒಂದು ಕಟ್ಟು ದಂಟಿನಿಂದ ಹೋದದ್ದು ಹದಿನಾಲ್ಕು ಮೊಳ ಗೋಡೆ, ಕಾಬಿತೆಯ ಒಂಬತ್ತು ಸಾಲು ಜೋಳ, ಒರ್ಕಾಯ್ದೊನ ಎರಡು ದಿನದ ಕೂಲಿ.