ಹದಿನೆಂಟು ಕುಳಿಗಳ ಯಲ್ಲಪ್ಪ ಮಾಮಾ

ನಮ್ಮ ಯಲ್ಲಪ್ಪ ಮಾಮಾ ಎಲ್ಲಿಗೆ ಹೋದರೂ ಹೆಜ್ಜೆ ಎಣಿಸುತ್ತಿದ್ದ. ರೋಣದ ಬಸ್ ಸ್ಟ್ಯಾಂಡಿನಿಂದ ಚಹಾದಂಗಡಿಗೆ ಎಷ್ಟು ಹೆಜ್ಜೆ, ನರೇಗಲ್ಲಿನ ನಮ್ಮ ಮನೆಯಿಂದ ನಾನು ಇಂಗ್ಲಿಷ್ ಕಲಿಸುವ ಶಾಲೆಗೆ ಎಷ್ಟು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ನಾವು ಹೊಸ ಮನೆ ಕಟ್ಟಿಸಿದಾಗ ಉಪ್ಪಿಟ್ಟಿನ ತಾಟು ಬದಿಗಿಟ್ಟು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೆಲ ನೋಡಿ, ನೀರು ಅಡಿಗೆಮನೆಗೆ ಹರಿಯುತ್ತದೆ ಎಂದ. ಮನೆ ಕಟ್ಟಿದ ಗೌಂಡಿಗೆ ಸಿಟ್ಟು ಬಂತು. ಮೊದಲ ದಿನವೇ ನೀರು ಅಡಿಗೆಮನೆಗೆ ಬಂತು.

ಅದು ಅವನ ಕಸುಬು. ಶಿರೋಳದಿಂದ ಕೂಲಿಗೆಂದು ಬೆಂಗಳೂರಿಗೆ ಹೋದವನು ಗಾಲ್ಫ್ ಮೈದಾನದಲ್ಲಿ ಹುಲ್ಲು ಕೀಳಲು ಸೇರಿ, ಆಮೇಲೆ ಕ್ಯಾಡಿಯಾದ. ಆಟಗಾರನ ಚೀಲ ಹೊರುವವನು ಎಂದು ಯಾರಾದರೂ ಅಂದರೆ ಕೆಂಡವಾಗುತ್ತಿದ್ದ. ಚೀಲ ಕತ್ತೆಯೂ ಹೊರುತ್ತದೆ, ಚೆಂಡು ಎಷ್ಟು ದೂರ ಹೋಗಬೇಕು, ನೆಲ ಎತ್ತ ಇಳಿಜಾರು ಎಂದು ಹೇಳುವವನು ಕ್ಯಾಡಿ ಎನ್ನುತ್ತಿದ್ದ. ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿಗಳಿರುವ ಆ ಮೈದಾನದ ಗುಟ್ಟನ್ನೆಲ್ಲ ಕುಳಿಗೊಂದು ಹಾಳೆಯಂತೆ ಸಣ್ಣ ವಹಿಯಲ್ಲಿ ಬರೆದಿಟ್ಟಿದ್ದ. ಬರೆದದ್ದು ನಮ್ಮ ಕಡೆಯ ಕನ್ನಡದಲ್ಲಿ, ಅದೂ ಅವನ ಕಾಗೆ ಕಾಲಿನ ಅಕ್ಷರದಲ್ಲಿ. ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ.

ಕಳೆದ ಸೀಸನ್ನಿನಲ್ಲಿ ಅವನ ಆಟಗಾರ ವರ್ಷದ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದ. ಮಾಮಾ ಅವನನ್ನು 'ನಮ್ಮಾಂವ' ಎಂದೇ ಕರೆಯುತ್ತಿದ್ದ. ಪಟ್ಟಿ ಎಂದರೇನೆಂದು ಅವ್ವ ಕೇಳಿದ್ದಕ್ಕೆ ಶೇಂಗಾ ಹರಡಿ ತೋರಿಸಿದ. ಪ್ರತಿ ಪಂದ್ಯದಲ್ಲಿ ಮೊದಲು ಬಂದವನಿಗೆ ದೊಡ್ಡ ಗುಡ್ಡೆ ಪಾಯಿಂಟು, ನಂತರದವರಿಗೆ ಕಡಿಮೆ ಕಡಿಮೆ, ಮೊದಲ ಎರಡು ದಿನದಲ್ಲಿ ಹಿಂದೆ ಬಿದ್ದವನು ಬರಿಗೈಲಿ ಮನೆಗೆ. ವರ್ಷವಿಡೀ ಕೂಡಿಸುತ್ತಾರೆ. ಪಟ್ಟಿಯ ಮೇಲಿನ ಕೆಲವರಿಗಷ್ಟೇ ಕೊನೆಯ ಪಂದ್ಯ, ಅಲ್ಲಿ ಪಾಯಿಂಟು ದುಪ್ಪಟ್ಟು. ಎಲ್ಲ ಸೇರಿಸಿ ಹೆಚ್ಚಿದ್ದವನಿಗೆ ವರ್ಷದ ದೊಡ್ಡ ಬಹುಮಾನ. ಹಾಗಾದರೆ ಮುಂದಿದ್ದವನೂ ಕೊನೆಗೆ ಜಾರಬಹುದಲ್ಲ, ವರ್ಷವೆಲ್ಲ ಯಾಕೆ ದುಡಿಯಬೇಕು ಎಂದಳು ಅವ್ವ.

"ದುಡದ್ರ ಕಡೇ ಬಾಗಲದಾಗ ನಿಂದ್ರಾಕ ಸಿಗತೈತಿ, ಅಷ್ಟ" ಎಂದ ಮಾಮಾ.

ಆ ಕೊನೆಯ ಪಂದ್ಯ ಅವನದೇ ಮೈದಾನದಲ್ಲಿತ್ತು. ಗೆದ್ದವನ ಕ್ಯಾಡಿ ಹದಿನೆಂಟನೆಯ ಕುಳಿಯಲ್ಲಿ ನೆಟ್ಟಿರುವ ಬಾವುಟವನ್ನು ಮನೆಗೆ ಒಯ್ಯುವುದು ಆ ಆಟದ ರೂಢಿ. ಇಪ್ಪತ್ತು ವರ್ಷದಲ್ಲಿ ಮಾಮಾನಿಗೆ ಒಂದೂ ಸಿಕ್ಕಿರಲಿಲ್ಲ. ಶಿರೋಳದ ಮನೆಯ ಪಡಸಾಲೆಯಲ್ಲಿ ಅದಕ್ಕೆಂದು ಆಗಲೇ ಮೊಳೆ ಹೊಡೆದಿದ್ದ.

ಪಂದ್ಯಕ್ಕೆ ವಾರವಿದ್ದಾಗ, ಅವನು ಊರಲ್ಲಿದ್ದಾಗಲೇ ಫೋನ್ ಬಂತು. ಹೊಸ ಕೋಚ್ ತನ್ನ ಕಡೆಯ ಕ್ಯಾಡಿಯನ್ನು ಕರೆತಂದಿದ್ದಾನೆ, ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದ ನಮ್ಮಾಂವ. ಮರುದಿನ ಇನ್ನೊಂದು ಫೋನ್. ವಹಿಯಲ್ಲಿರುವುದನ್ನು ಇಂಗ್ಲಿಷಿನಲ್ಲಿ ಬರೆಸಿ ಕಳಿಸಬೇಕಂತೆ. ಮಾಮಾ ವಹಿ ಹಿಡಿದು ನನ್ನ ಬಳಿ ಬಂದ.

ಅವನು ಓದುತ್ತಾ ಹೋದ, ನಾನು ಹಲ್ಲು ಕಚ್ಚಿಕೊಂಡು ಬರೆದೆ. ಹದಿನೇಳನೆಯ ಕುಳಿಗೆ ಬಂದಾಗ ನನ್ನ ಕೈ ನಿಂತಿತು.

"ಇಲ್ಲೊಂದ ಅಂಕಿ ತಪ್ಪ ಬರೀತೀನಿ, ಮಾಮಾ."

"ಬ್ಯಾಡವ್ವಾ. ವರ್ಷೆಲ್ಲಾ ಆ ಪಾಯಿಂಟು ಇಬ್ಬರೂ ಕೂಡಿ ಗಳಿಸೇವಿ. ಅಂವ ಸೋತ್ರ ನಂದೂ ಹೋಕ್ಕೈತಿ."

ನಾನು ಸರಿಯಾಗಿಯೇ ಬರೆದೆ. ಹದಿನೆಂಟೂ ಹಾಳೆಯ ಫೋಟೋ ತೆಗೆದು ಕಳಿಸಿದವಳೂ ನಾನೇ.

ನಮ್ಮಾಂವ ಗೆದ್ದ. ನನ್ನ ಮೊಬೈಲಿನಲ್ಲಿ ನೋಡುತ್ತಿದ್ದ ಮಾಮಾ ಚಪ್ಪಾಳೆ ಹೊಡೆದ, ನನಗೆ ಮೈಯೆಲ್ಲ ಉರಿಯಿತು. ಹೊಸಬ ಬಾವುಟ ಬಿಚ್ಚಿ ಮಡಿಚಿಕೊಳ್ಳುವಾಗ ಮಾಮಾ ಎದ್ದು ಹೋಗಿ ಮುಖ ತೊಳೆದ. ನಮ್ಮಾಂವನ ಭಾಷಣದಲ್ಲಿ ಕೋಚ್‌ನ ಹೆಸರು, ಹೊಸಬನ ಹೆಸರು, ಮೈದಾನದ ಹೆಸರು ಎಲ್ಲ ಬಂದವು. ಮಾಮಾನ ಹೆಸರು ಕೇಳಲು ನಾನು ಕೊನೆಯವರೆಗೂ ಕೂತಿದ್ದೆ. ಬರಲಿಲ್ಲ.

ಹೊಸ ಸೀಸನ್ನಿಗೆ ಬೆಂಗಳೂರಿಗೆ ಹೋದ ಮಾಮಾ ತಿಂಗಳೊಳಗೆ ವಾಪಸು ಬಂದ. ಯಾವ ಆಟಗಾರನೂ ಅವನನ್ನು ಕೆಲಸಕ್ಕೆ ಕರೆದಿರಲಿಲ್ಲ. ಗೋವಾದಲ್ಲಿ ಗಾರೆ ಕೆಲಸ ಸಿಕ್ಕಿದೆ ಎಂದು ರೋಣದ ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತಿದ್ದ. ಕಳಿಸಲು ಹೋದ ನಾನು, ಇಪ್ಪತ್ತು ವರ್ಷ ಆ ನೆಲ ತಿಳಿದವನು ಅವರಿಗೆ ಹೇಗೆ ಬೇಡವಾದ ಎಂದು ಕೇಳಿಯೇಬಿಟ್ಟೆ. ಉತ್ತರಿಸುವಾಗ ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ನಿನ್ನ ಅಕ್ಷರ ಭಾಳ ಚಂದ ಅದಾವ ಯವ್ವಾ. ಝೆರಾಕ್ಸ್ ಮಾಡಿಸ್ಯಾರ. ಅಲ್ಲಿ ಎಲ್ಲಾ ಕ್ಯಾಡಿಗೋಳ ಕಿಸೆದಾಗೂ ನೋಡಿ ಬಂದೆ."