ಏಳು ತಿಂಗಳ ಸಂಬಳದ ರೇಡಿಯೋ

ಬೀದಿಯವರೆಲ್ಲ ಇಸ್ತ್ರಿಯಮ್ಮ ಎಂದು ಕರೆಯುತ್ತಿದ್ದ ಆ ಹೆಂಗಸು ಲಾಂಡ್ರಿಯಲ್ಲಿ ದಿನವಿಡೀ ನಿಂತು ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ. ಅವಳು ರೇಡಿಯೋ ಕೊಳ್ಳಲು ಹೊರಟದ್ದು ಹಾಡಿನ ಆಸೆಗಲ್ಲ, ಹೊಟ್ಟೆಕಿಚ್ಚಿಗೆ, ಅದನ್ನು ಮುಚ್ಚಿಡುವುದೇಕೆ? ಆ ಕಾಲದಲ್ಲಿ ರೇಡಿಯೋ ಎಂದರೆ ಅವಳ ಏಳು ತಿಂಗಳ ಸಂಬಳ, ಅದೂ ಒಂದು ತುತ್ತೂ ಉಣ್ಣದೆ ಇದ್ದರೆ. ಉಣ್ಣುತ್ತಾ ಕೂಡಿಸಲು ಮೂರು ವರ್ಷ ಹಿಡಿಯಿತು.

ಕಿಚ್ಚು ಹಚ್ಚಿದವಳು ಎದುರು ಮನೆಯಲ್ಲಿದ್ದ ಅವಳ ಹಿರಿಯ ವಾರಗಿತ್ತಿ. ಬೀದಿಗೆ ಮೊದಲ ರೇಡಿಯೋ ತಂದವಳು ಅವಳೇ. ಕೈಗಾಡಿಯಿಂದ ಇಳಿಸುವುದನ್ನು ಎಲ್ಲರೂ ನೋಡಿದ್ದರು, ಅದರ ದನಿ ಕೇಳಿದವರು ಮಾತ್ರ ಇರಲಿಲ್ಲ. ಮರುದಿನದಿಂದ ಅವಳ ಕಿಟಕಿ ಮುಚ್ಚಿದ್ದು ಮುಚ್ಚಿದ್ದೇ. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು, ನಮಗೆ ಹಾಡು ಕೇಳಿಸಿಯಾಳೇ ಎಂದು ಇಸ್ತ್ರಿಯಮ್ಮ ಹಲ್ಲು ಕಡಿದಳು. ತನ್ನ ರೇಡಿಯೋ ಇಡೀ ಬೀದಿಗೆ ಕೇಳಿಸಬೇಕು, ಅವಳು ಇಂಗು ತಿಂದ ಮಂಗನಂತಾಗಬೇಕು, ಇದೇ ಹಟ.

ಮನೆಯಲ್ಲಿ ಯಾವ ಕರೆಂಟು ಎಂದು ಅಂಗಡಿಯವನು ಕೇಳಿದ. ಊರಲ್ಲಿ ಆಗ ಹಳೆಯ ಬೀದಿಗಳಿಗೆ ಒಂದು ಬಗೆಯ ಕರೆಂಟು, ಹೊಸ ಬಡಾವಣೆಗಳಿಗೆ ಇನ್ನೊಂದು ಬಗೆ. ಗೊತ್ತಿಲ್ಲ ಎನ್ನುವುದು ಅವಳ ಜಾಯಮಾನವಲ್ಲ. ಎಲ್ಲರ ಮನೆಯಲ್ಲಿರುವುದೇ ಎಂದು ಗದರಿ, ವಾರಗಿತ್ತಿಯ ಬಳಿ ಇದ್ದಂಥದ್ದನ್ನೇ ಬೆರಳು ಮಾಡಿ ತೋರಿಸಿ ಹೊರಿಸಿಕೊಂಡು ಬಂದಳು.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ಪ್ಲಗ್ ಚುಚ್ಚಿದ. ಇಸ್ತ್ರಿಯಮ್ಮ ಗುಂಡಿಯ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ವಾರಗಿತ್ತಿ ಬರಿಗಾಲಲ್ಲೇ ಒಳಗೆ ನುಗ್ಗಿದಳು.

"ಹಾಕಬೇಡ ಕಣೆ. ಕೈ ತೆಗಿ."

"ಯಾಕಕ್ಕಾ, ನಮ್ಮನೇಲಿ ಹಾಡು ಬಂದ್ರೆ ನಿನಗೇನು ಸಂಕಟ?"

ಜನ ಕಿಸಕ್ಕೆಂದರು. ಬೆರಳು ಗುಂಡಿಯನ್ನು ಬಿಡಲಿಲ್ಲ. ಇನ್ನೊಂದು ಚೂರು ತಿರುಗಿದರೆ ಆಯಿತು. ವಾರಗಿತ್ತಿ ಸುತ್ತ ನೆರೆದವರನ್ನೊಮ್ಮೆ ನೋಡಿದಳು.

"ನಂದು ಸುಟ್ಟು ಹೋಗಿದೆ. ತಂದ ದಿನಾನೇ. ಒಂದು ಪದಾನೂ ಹಾಡಲಿಲ್ಲ, ಬರೀ ಹೊಗೆ ಬಂತು. ಈ ಥರದ್ದಕ್ಕೆ ನಮ್ಮ ಬೀದಿ ಕರೆಂಟು ಆಗೋದಿಲ್ಲವಂತೆ. ಅಂಗಡೀಗೆ ವಾಪಸ್ ಕೊಡು, ಇನ್ನೂ ತಗೋತಾರೆ."

ಹಾಗಾದರೆ ಇಷ್ಟು ದಿನ ಕಿಟಕಿ ಮುಚ್ಚಿಕೊಂಡು ಏನು ಕೇಳುತ್ತಿದ್ದಿರಿ ಎಂದು ಹಿಂದಿನಿಂದ ಯಾರೋ ಅಂದರು. ಈಗ ನಗು ಜೋರಾಯಿತು. ವಾರಗಿತ್ತಿ ತಲೆ ಎತ್ತಲಿಲ್ಲ. ಇಸ್ತ್ರಿಯಮ್ಮನಿಗೆ ನಕ್ಕವರ ಮೇಲೆ ಮೈ ಉರಿದುಹೋಯಿತು. ಪ್ಲಗ್ ಕಿತ್ತಳು, ವಾರಗಿತ್ತಿಯೊಬ್ಬಳನ್ನು ಬಿಟ್ಟು ಬಂದವರನ್ನೆಲ್ಲ ಹೊರಗಟ್ಟಿ ಬಾಗಿಲು ಹಾಕಿದಳು.

"ಮೂರು ವರ್ಷ ಯಾಕೆ ಹೇಳಲಿಲ್ಲ ಅಕ್ಕಾ?"

"ಹೇಳಿದ್ದಿದ್ರೆ ನೀನು ನಗ್ತಿದ್ದೆ."

ಇಲ್ಲ ಎನ್ನಲು ಇಸ್ತ್ರಿಯಮ್ಮ ಬಾಯಿ ತೆರೆದಳು. ಆಮೇಲೆ ಬಾಯಿ ಮುಚ್ಚಿ ರೇಡಿಯೋದ ತಂತಿ ಸುತ್ತತೊಡಗಿದಳು. ಹೇಳಿದ್ದರೆ ನಗುತ್ತಿದ್ದಳು, ಅದು ಇಬ್ಬರಿಗೂ ಗೊತ್ತಿತ್ತು.